ಗಟಾರ ಡಾಕ್ಟರ್ ಮತ್ತು ಕಾಶವ್ವನ ಕರು

ಗಟಾರಕ್ಕೂ ಒಬ್ಬ ಡಾಕ್ಟರ್ ಬರುತ್ತಾನೆ ಎಂದು ಹಿರೇಸಂಗಾಪುರದವರು ಕನಸಿನಲ್ಲೂ ಎಣಿಸಿರಲಿಲ್ಲ. ಆ ವರ್ಷ ಕೆಂಡಜ್ವರ ಬಂದ ಮೇಲೆ ಎಣಿಸದ ಎಷ್ಟೋ ಸಂಗತಿಗಳು ನಡೆದುಹೋದವು, ಅದರಲ್ಲಿ ಇದೂ ಒಂದು. ಹಿಂದೆ ಬಂದು ಹೋಗಿದ್ದ ಕೊರೊನಾದ ದಾಯಾದಿಯೇ ಆದ ಹೊಸ ವೈರಾಣು ಅದು. ಮೈ ಮುಟ್ಟಿದರೆ ಕೈ ಹಿಂತೆಗೆಯುವಷ್ಟು ಜ್ವರ ಬರುತ್ತಿದ್ದುದರಿಂದ ಜನ ಅದಕ್ಕೆ ಕೆಂಡಜ್ವರ ಎಂದೇ ಹೆಸರಿಟ್ಟರು. ಈ ಸಲ ಸರ್ಕಾರ ಇಡೀ ದೇಶಕ್ಕೆ ಬೀಗ ಜಡಿಯಲಿಲ್ಲ. ಒಂದು ಸಲ ಜಡಿದು ಏನಾಯಿತೆಂದು ಎಲ್ಲರೂ ಕಂಡಿದ್ದರು. ಈ ಸಲ ಓಣಿಗೊಂದು ಬೀಗ.

ಯಾವ ಓಣಿಗೆ ಹಾಕಬೇಕು, ಯಾವುದಕ್ಕೆ ಬೇಡ ಎಂದು ಹೇಳಲು ಬಂದದ್ದೇ ಈ ಯಂತ್ರ. ಕಾಗದದ ಮೇಲೆ ಅದರ ಹೆಸರು ಜಲಸಾಕ್ಷಿ. ನಾಲ್ಕು ಅಂತಸ್ತಿನ ಊಟದ ಡಬ್ಬಿಯಷ್ಟು ದೊಡ್ಡ ಉಕ್ಕಿನ ಪೆಟ್ಟಿಗೆ. ಓಣಿಯ ನೀರೆಲ್ಲ ಸೇರಿ ಹೊರಗೆ ಹರಿಯುವ ಕಡೆ ಅದನ್ನು ಗಟಾರದ ಗೋಡೆಗೆ ಬಿಗಿದಿದ್ದರು. ನಾಲ್ಕು ತಾಸಿಗೊಮ್ಮೆ ಅದು ಒಂದು ಗುಟುಕು ಗಟಾರದ ನೀರು ಹೀರಿ, ಸೋಸಿ, ಕಾಯಿಸಿ, ಅದರಲ್ಲಿ ವೈರಾಣುವಿನ ಎಳೆ ಇದೆಯೇ ಎಂದು ನೋಡಿ, ಒಂದು ಅಂಕವನ್ನು ಕಂಟ್ರೋಲ್ ರೂಮಿಗೆ ಕಳಿಸುತ್ತಿತ್ತು. ಇಪ್ಪತ್ತೈದು ದಾಟಿದರೆ ಕೆಂಪು. ಸಾಲಾಗಿ ಮೂರು ಸಲ ಕೆಂಪು ಬಂದರೆ ಓಣಿಯ ಬಾಯಿಗೆ ಕೂರಿಸಿದ ಕಬ್ಬಿಣದ ಗೇಟು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಒಬ್ಬೊಬ್ಬರ ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡುವಷ್ಟು ಕಿಟ್ಟುಗಳು ದೇಶದಲ್ಲೇ ಇರಲಿಲ್ಲ; ಇದ್ದವು ಆಸ್ಪತ್ರೆಗೆ ಮತ್ತು ಕಂಟ್ರೋಲ್ ರೂಮಿನ ಸಿಬ್ಬಂದಿಗೆ ಮಾತ್ರ. ಓಣಿಯವರ ಪಾಲಿಗೆ ಈ ಡಬ್ಬಿಯೇ ಡಾಕ್ಟರ್, ಇದೇ ಜಡ್ಜ್. ಜನ ಅದನ್ನು ಗಟಾರ ಡಾಕ್ಟರ್ ಎಂದು ಕರೆದರು.

ಊರಿನ ಮೂವತ್ತೊಂದು ಗಟಾರ ಡಾಕ್ಟರುಗಳ ಯೋಗಕ್ಷೇಮ ನೋಡುವ ಕೆಲಸ ನೀಲಾಳದು. ನೀಲಾಂಬಿಕಾ ಬಣಗಾರ, ಲ್ಯಾಬ್ ಟೆಕ್ನೀಶಿಯನ್, ವಯಸ್ಸು ಮೂವತ್ತನಾಲ್ಕು. ಮುಚ್ಚಿದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕಂಟ್ರೋಲ್ ರೂಮು ತೆರೆದಿದ್ದರು. ಎಂಟನೇ ಇಯತ್ತೆಯ ಕೋಣೆಯಲ್ಲಿ ಪರದೆಗಳು, ವಿಜ್ಞಾನದ ಕೋಣೆಯಲ್ಲಿ ಅವಳ ಲ್ಯಾಬು. ಅವಳು ಹಗಲು ಪಾಳಿಗೆಂದು ಬಂದಿದ್ದ ಒಂದು ದಿನ ಅವಳದೇ ನೇಕಾರ ಓಣಿ ಕೆಂಪಾಯಿತು. ಗೇಟು ಮುಚ್ಚಿತು. ಒಳಗೆ ಅತ್ತೆ ಕಾಶವ್ವ, ಗಂಡ ಶಿವಪುತ್ರ, ಎರಡು ಮಗ್ಗ, ಕೆಂಚಿ ಎಂಬ ಆಕಳು, ಅದರ ಎಳೆಗರು; ಹೊರಗೆ ಇವಳು. ಅಂದಿನಿಂದ ಹೈಸ್ಕೂಲಿನ ಬೆಂಚುಗಳನ್ನು ಜೋಡಿಸಿಕೊಂಡು ಅದರ ಮೇಲೆ ಮಲಗುತ್ತಿದ್ದಳು.

ಇವತ್ತಿಗೆ ಹದಿನೇಳನೆಯ ದಿನ. ನೇಕಾರ ಓಣಿಯ ಅಂಕ ಒಂದು ಸಲವೂ ಇಪ್ಪತ್ತೈದರ ಕೆಳಗೆ ಇಳಿದಿರಲಿಲ್ಲ.

ಇಪ್ಪತ್ತೊಂದು ದಿನ ಕೆಂಪು ಹಾಗೇ ಉಳಿದರೆ ಓಣಿಗೆ ಓಣಿಯನ್ನೇ ಬಸ್ಸಿನಲ್ಲಿ ತುಂಬಿ ಹತ್ತಿ ಮಾರುಕಟ್ಟೆಯ ಶೆಡ್ಡುಗಳ ಶಿಬಿರಕ್ಕೆ ಒಯ್ಯಬೇಕೆಂದು ನಿಯಮ. ಆ ಶಿಬಿರ ನೀಲಾ ಕಂಡಿದ್ದಳು. ನಾಲ್ಕು ನೂರು ಜನ, ಮಂಚಕ್ಕೂ ಮಂಚಕ್ಕೂ ಎರಡು ಗೇಣು. ಹೋದ ವಾರ ಕುಂಬಾರ ಓಣಿಯವರನ್ನು ಒಯ್ದಾಗ ನಡೆದುಕೊಂಡು ಬಸ್ಸು ಹತ್ತಿದ ಹನ್ನೊಂದು ಮಂದಿ ಅಲ್ಲಿಯೇ ಜ್ವರ ಅಂಟಿಸಿಕೊಂಡು ಆಸ್ಪತ್ರೆ ಸೇರಿದ್ದರು. ಕಾಶವ್ವನಿಗೆ ನಲವತ್ತು ವರ್ಷ ಮಗ್ಗದ ಧೂಳು ಕುಡಿದು ದಮ್ಮು ಹತ್ತಿಕೊಂಡಿತ್ತು. ಕೆಂಡಜ್ವರ ಬಂದರೆ ಆ ಎದೆ ಮೂರು ದಿನ ತಡೆಯುವುದಿಲ್ಲ ಎಂದು ನೀಲಾಳಿಗೆ ಗೊತ್ತಿತ್ತು. ನಾಲ್ಕು ದಿನ ಉಳಿದಿದ್ದವು.

ವಿಚಿತ್ರವೆಂದರೆ ಓಣಿಯಲ್ಲಿ ಯಾರಿಗೂ ಜ್ವರವೇ ಇರಲಿಲ್ಲ. ನಲವತ್ತಮೂರು ಮನೆ, ನೂರಾತೊಂಬತ್ತು ಜನ, ಒಬ್ಬರಿಗೂ ನೆಗಡಿ ಕೂಡ ಇಲ್ಲ. "ಕೆಲವ್ರಲ್ಲಿ ಲಕ್ಷಣ ಕಾಣಲ್ಲ ನೀಲಾ ಅವ್ರೇ, ಒಳಗೇ ಇರುತ್ತೆ," ಎನ್ನುತ್ತಿದ್ದ ಶ್ರೀವತ್ಸ. ಅವನು ಕಂಟ್ರೋಲ್ ರೂಮಿನ ಅಧಿಕಾರಿ, ಮೈಸೂರು ಕಡೆಯವನು, ನಿಯಮದ ಪುಸ್ತಕವನ್ನು ಊಟದ ತಟ್ಟೆಯ ಪಕ್ಕದಲ್ಲೇ ಇಟ್ಟುಕೊಳ್ಳುವ ಮನುಷ್ಯ. ಕೆಟ್ಟವನಲ್ಲ. ತಪ್ಪು ಮಾಡಿಬಿಡುತ್ತೇನೆಂಬ ಹೆದರಿಕೆ ಅವನಿಗೆ ಸ್ವಲ್ಪ ಹೆಚ್ಚು, ಅಷ್ಟೇ.

ನೀಲಾ ಹದಿನೇಳು ದಿನದ ಅಂಕಗಳನ್ನೆಲ್ಲ ಪರದೆಯ ಮೇಲೆ ಹರವಿ ಕೂತಳು. ದಿನಾ ಮುಂಜಾನೆ ಅಂಕ ಜಿಗಿಯುತ್ತಿತ್ತು, ಸಂಜೆಯ ಹೊತ್ತಿಗೆ ಇಳಿಯುತ್ತಿತ್ತು. ಅದೇನು ದೊಡ್ಡದಲ್ಲ, ಜನ ಎದ್ದು ಮುಖ ತೊಳೆಯುವ ಹೊತ್ತು ಅದು. ಆದರೆ ಎರಡು ಸೋಮವಾರ ಅಂಕ ಉಳಿದ ದಿನಕ್ಕಿಂತ ಎತ್ತರಕ್ಕೆ ಹೋಗಿತ್ತು. ಒಂದು ದಿನವಂತೂ ಎಲ್ಲಕ್ಕಿಂತ ಎತ್ತರ, ಇಮ್ಮಡಿ. ಯಾವ ದಿನ ಅದು? ಹೈಸ್ಕೂಲಿನ ಗೋಡೆಗೆ ಇನ್ನೂ ತೂಗುತ್ತಿದ್ದ ಕ್ಯಾಲೆಂಡರಿನ ಹತ್ತಿರ ಹೋಗಿ ಬೆರಳಿಟ್ಟು ನೋಡಿದಳು. ಕಪ್ಪು ಚುಕ್ಕೆ. ಅಮಾವಾಸ್ಯೆ.

ಅವಳಿಗೆ ನಗು ಬಂತು. ಪಂಚಾಂಗ ಓದಲು ಬಾರದ ಯಂತ್ರ ಸೋಮವಾರ, ಅಮಾವಾಸ್ಯೆ ಆಚರಿಸುತ್ತಿದೆ! ನಕ್ಕವಳು ಹಾಗೆಯೇ ನಿಂತುಬಿಟ್ಟಳು. ಸೋಮವಾರ, ಅಮಾವಾಸ್ಯೆ ದಿನ ಓಣಿಯಲ್ಲಿ ಹೆಚ್ಚಾಗುವುದು ಒಂದೇ ಒಂದು: ಚಳೆ.

ನೇಕಾರ ಓಣಿಯಲ್ಲಿ ಬೆಳಗು ಮುಂಜಾನೆ ಹೆಂಗಸರು ಬಾಗಿಲ ಮುಂದೆ ಕಸ ಹೊಡೆದು, ಸೆಗಣಿ ನೀರು ಚಿಮುಕಿಸಿ, ಆಮೇಲೆ ರಂಗೋಲಿ ಹಾಕುತ್ತಾರೆ. ಅದೇ ಚಳೆ. ಎಷ್ಟೋ ಮನೆಗಳಲ್ಲಿ ಅದು ನಿಂತೇಹೋಗಿತ್ತು. ಆದರೆ ಕೆಂಡಜ್ವರ ಬಂದಾಗಿನಿಂದ ಕಾಶವ್ವ ಮುಂದಾಳಾಗಿ ನಿಂತು ಎಲ್ಲ ಮನೆಗೂ ಮತ್ತೆ ಶುರು ಮಾಡಿಸಿದ್ದಳು. ಓಣಿಯಲ್ಲಿ ಉಳಿದ ಆಕಳು ಅವಳದೊಂದೇ. ಮುಂಜಾನೆ ಕೊಟ್ಟಿಗೆಯಲ್ಲಿ ದೊಡ್ಡ ಹಂಡೆಯ ತುಂಬ ಹೆಂಡಿ, ಎಂದರೆ ಸೆಗಣಿ, ಕಲಸಿ, ಮನೆಗೊಂದು ಚರಿಗೆ ಎಂದು ತಾನೇ ಹಂಚುತ್ತಿದ್ದಳು. ಓಣಿ ಕೆಂಪಾದ ಮೇಲೆ ಚಳೆಯ ಭರಾಟೆ ಇನ್ನೂ ಹೆಚ್ಚಾಯಿತು. ಅಂಗಳ, ಕಟ್ಟೆ, ಗಟಾರದ ಅಂಚು, ಒಂದೂ ಬಿಡಲಿಲ್ಲ.

ನೀಲಾಳ ತಲೆಯಲ್ಲಿ ಒಂದಕ್ಕೊಂದು ಕೂಡಿಕೊಳ್ಳತೊಡಗಿತು. ವೈರಾಣು ವೇಷ ಬದಲಿಸುತ್ತಲೇ ಇರುತ್ತದೆ. ಆದ್ದರಿಂದ ಯಂತ್ರ ಮಾಡಿದವರು ಬದಲಾಗುವ ಭಾಗ ಬಿಟ್ಟು, ಆ ಮನೆತನದಲ್ಲಿ ಯಾರಿಗೂ ಬದಲಾಗದ ಒಂದು ತುಣುಕನ್ನು ಗುರುತಿಗೆ ಇಟ್ಟುಕೊಂಡಿದ್ದರು. ಬಟ್ಟೆ ನೋಡಬೇಡ, ಮೂಗು ನೋಡು ಎಂದ ಹಾಗೆ. ಆದರೆ ಅದೇ ಮೂಗು ಅಣ್ಣತಮ್ಮಂದಿರ ಮಕ್ಕಳಿಗೂ ಇರುತ್ತದಲ್ಲ! ದನಗಳಿಗೂ ಒಂದು ಕೊರೊನಾ ಇದೆ. ಮನುಷ್ಯರ ತಂಟೆಗೆ ಬಾರದ್ದು, ಪಶುವೈದ್ಯರಿಗೆಲ್ಲ ಹಳೆಯ ಪರಿಚಯದ್ದು. ಗಟಾರ ಡಾಕ್ಟರನನ್ನು ನೆಲದಡಿಯ ಕೊಳವೆಗಳಲ್ಲಿ ಕೊಳಚೆ ಹರಿಯುವ ದೊಡ್ಡ ಊರಿನಲ್ಲಿ ಕಲಿಸಿ ತಯಾರು ಮಾಡಿದ್ದರು. ಅಲ್ಲಿ ಯಾರೂ ಮನೆ ಮುಂದೆ ಸೆಗಣಿ ಎರಚಿರಲಿಲ್ಲ.

ಅವಳು ಹೊರಗೆ ಓಡಿದಳು. ಜನರಿಲ್ಲದ ರಸ್ತೆಯ ನಡುವೆ ಬಿಡಾಡಿ ದನಗಳು ತಮ್ಮದೇ ಊರೆಂಬಂತೆ ಮಲಗಿದ್ದವು. ಒಂದರ ಹಿಂದೆ ಕೂತು ಬಿಸಿಬಿಸಿ ಸೆಗಣಿ ಹಿಡಿದು ತಂದು, ನೀರಿನಲ್ಲಿ ಕದಡಿ, ಲ್ಯಾಬಿನಲ್ಲಿದ್ದ ಬಿಡಿ ಯಂತ್ರಕ್ಕೆ ಕುಡಿಸಿದಳು. ಶ್ರೀವತ್ಸ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದ. ಯಂತ್ರ ಅರ್ಧ ತಾಸು ಗುಂಯ್‌ಗುಟ್ಟಿ ಉತ್ತರ ಕೊಟ್ಟಿತು: ಸೊನ್ನೆ.

"ಆಯ್ತಲ್ಲ," ಎಂದ ಅವನು, ಬೇಸರದಿಂದಲೇ. "ನಿಮ್ಮ ಮನೆಯವ್ರು ಒಳಗಿದಾರೆ, ನಂಗರ್ಥ ಆಗುತ್ತೆ. ಆದ್ರೆ ಹೀಗೆಲ್ಲ ಹುಡುಕ್ತಾ ಹೋದ್ರೆ ನೀವೇ ಕುಗ್ಗಿ ಹೋಗ್ತೀರ."

ಅವಳು ನಿಜಕ್ಕೂ ಕುಗ್ಗಿದಳು. ಯಂತ್ರ ತೊಳೆದಿಟ್ಟು, ಕೈ ತೊಳೆದು, ಅತ್ತೆಗೆ ಫೋನು ಹಚ್ಚಿದಳು. ಸುಮ್ಮನೆ, ದನಿ ಕೇಳಬೇಕೆನಿಸಿತ್ತು. ಹಿಂದಿನಿಂದ ಶಿವಪುತ್ರನ ಮಗ್ಗದ ಲಟಕ್ ಪಟಕ್ ಕೇಳುತ್ತಿತ್ತು.

"ಉಂಡ್ರಿ ಅತ್ತಿ?"

"ಎಲ್ಲೀದವ್ವಾ ಊಟ. ಇಪ್ಪತ್ತ ದಿವಸ ಆತು, ಈ ಕರದ ಹೊಟ್ಟಿ ಸುಮಾರ ಐತಿ. ಹಳದಿ ನೀರನೀರ ಹಾಕತೈತಿ. ಅಜವಾನ ಕುಡಿಸಿದೆ, ದಾಳಿಂಬ್ರಿ ಸಿಪ್ಪಿ ಕುಡಿಸಿದೆ. ನಿಂದರವಲ್ಲದು. ಕೊಟಗಿ ತೊಳದ ತೊಳದ ನನ್ನ ಟೊಂಕ ಹೋತು."

ನೀಲಾ ಎದ್ದು ನಿಂತಳು. "ಇಪ್ಪತ್ತ ದಿನದಿಂದಾನ? ಗೇಟ್ ಮುಚ್ಚೂಕಿಂತ ಮದ್ಲ?"

"ಮೂರ್ನಾಕ ದಿನ ಮದ್ಲ. ಯಾಕ?"

"ಅತ್ತಿ, ಆ ಕೊಟಗಿ ಬಳದಿದ್ದನ್ನ ಎಲ್ಲಿ ಹಾಕ್ತೀರಿ?"

"ಎಲ್ಲಿ ಹಾಕಲಿ? ಹಂಡೇಕ್ಕ. ಚಳೇಕ್ಕ ಹೆಂಡಿ ಸಾಲೂದಿಲ್ಲ, ನಲವತ್ಮೂರ ಮನಿ ಅದಾವು. ಆಕಳದು ಕರದ್ದು ಎಲ್ಲಾ ಕೂಡಿಸೇ ಕಲಸ್ತೀನಿ."

ಬೀದಿಯ ದನದಲ್ಲಿ ಇಲ್ಲದ್ದು ಬೇನೆಬಿದ್ದ ಕರುವಿನಲ್ಲಿ ಇರುತ್ತದೆ. ಎಳೆಗರುಗಳಿಗೆ ಭೇದಿ ಹಚ್ಚುವುದೇ ದನದ ಆ ಕೊರೊನಾ. ನೀಲಾ ಬಿಡಿಸಿ ಬಿಡಿಸಿ ಎಲ್ಲವನ್ನೂ ಅತ್ತೆಗೆ ಹೇಳಿದಳು. ಯಂತ್ರಕ್ಕೆ ಕರುವಿನ ಬೇನೆಯೂ ಮನುಷ್ಯರ ಬೇನೆಯೂ ಒಂದೇ ಆಗಿ ಕಾಣುತ್ತಿರಬೇಕು, ಓಣಿಯನ್ನು ಕೆಂಪು ಮಾಡಿದ್ದು ಚಳೆಯ ನೀರೇ ಇರಬೇಕು ಎಂದಳು.

 ಆ ಕಡೆ ಮಗ್ಗ ನಿಂತಿತು.

"ನೀಲವ್ವ," ಎಂದಳು ಕಾಶವ್ವ. ದನಿ ಗಟ್ಟಿಯಾಗಿತ್ತು. "ಹದಿನೇಳ ದಿನ ಆತು. ನಮ್ಮ ಓಣ್ಯಾಗ ಒಬ್ಬರರೆ ಮಲಗ್ಯಾರೇನು? ಹೇಳು. ಕುಂಬಾರ ಓಣ್ಯಾಗ ಮಲಗಿದ್ರು, ಪ್ಯಾಟಿ ಓಣ್ಯಾಗ ಮಲಗಿದ್ರು. ಇಲ್ಲಿ ಯಾಕ ಇಲ್ಲ? ಚಳೇದಿಂದ ನಾ ಓಣಿ ಕಾಯಾಕತ್ತೀನಿ, ನೀ ಅದನ್ನ ಬ್ಯಾನಿ ಅಂತೀಯಲ್ಲ!" ಫೋನು ಕಟ್ಟಾಯಿತು.

ನೀಲಾಳಿಗೆ ಸಿಟ್ಟು ಬರಲಿಲ್ಲ. ಅತ್ತೆಯ ಲೆಕ್ಕದಲ್ಲೂ ತರ್ಕವಿತ್ತು. ಅವಳಿಗೂ ಕಣ್ಣ ಮುಂದೆ ಪುರಾವೆ ಇತ್ತು, ನೂರಾತೊಂಬತ್ತು ಜನ ನೆಟ್ಟಗೆ ನಿಂತಿದ್ದರು. ಆ ಪುರಾವೆಯನ್ನು ಬರೀ ಮಾತಿನಿಂದ ಅಲ್ಲಗಳೆಯಲು ಆಗುವಂತಿರಲಿಲ್ಲ.

ಒಂದು ತಾಸಿನ ನಂತರ ಫೋನು ತಾನಾಗಿಯೇ ಬಂತು. "ಎಷ್ಟ ಬೇಕು?" ಎಂದಳು ಕಾಶವ್ವ.

"ಏನ್ರೀ ಅತ್ತಿ?"

"ಕರದ ಹೆಂಡಿ. ಪರೀಕ್ಷಾ ಮಾಡಬೇಕಂದ್ರ ಬೇಕಾಗ್ತೈತಲ್ಲ. ಮಾಡು. ಸುಳ್ಳಾತಂದ್ರ ನೀ ನನ್ನ ಮುಂದ ಕಿವಿ ಹಿಡಕೊಂಡು ನಿಂದ್ರಬೇಕು. ಖರೇ ಆತಂದ್ರ..." ದಮ್ಮು ಕಟ್ಟಿ ಕೆಮ್ಮಿದಳು. "ಖರೇ ಆತಂದ್ರ ನಾ ನಿಂದರ್ತೀನಿ."

ಕೆಂಪು ಓಣಿಯೊಳಗೆ ಸಾಮಾನು ಹೋಗಬಹುದು, ಹೊರಗೆ ಒಂದು ಕಡ್ಡಿಯೂ ಬರುವಂತಿಲ್ಲ. ಆದರೆ ಕಾಶವ್ವನ ಮನೆಯ ಹಿತ್ತಲ ಗೋಡೆಯಾಚೆ ಹಳೆಯ ಗಿರಣಿಯ ಬಯಲಿತ್ತು. ಮರುದಿನ ಮಧ್ಯಾಹ್ನ ನೀಲಾ ತಲೆಯಿಂದ ಕಾಲಿನವರೆಗೆ ಬಿಳಿ ರಕ್ಷಾ ಉಡುಪು ತೊಟ್ಟು, ಎರಡು ಜೊತೆ ಕೈಗವಸು ಹಾಕಿ, ಬಯಲಿನಲ್ಲಿ ನಿಂತಳು. ಮಾಳಿಗೆಯ ಮೇಲೆ ಮೊದಲು ಕಾಶವ್ವನ ತಲೆಯ ಸೆರಗು ಕಂಡಿತು, ಆಮೇಲೆ ಅವಳು. ನಿಚ್ಚಣಿಕೆ ಹತ್ತಿದ ಏದುಸಿರಿಗೆ ಮಾಳಿಗೆಯಂಚಿನ ಕುಂಬಿ ಹಿಡಿದು ನಿಂತಳು. ಹಿಂದೆ ಶಿವಪುತ್ರ, "ತಾ ಯವ್ವಾ, ನಾ ಒಗೀತೀನಿ," ಎನ್ನುತ್ತಿದ್ದ.

"ನೀ ಮಗ್ಗದಾಗ ಲಾಳಿ ಒಗಿಯಾಂವ. ಮೊಳಾ ದೂರ ಒಗದು ರೂಢಿ ನಿನಗ. ಸರಿ ಅತ್ತಾಗ," ಎಂದಳು ಕಾಶವ್ವ.

ಎರಡು ತೆಂಗಿನ ಗರಟೆಗಳ ನಡುವೆ ಹೆಂಡಿ ಇಟ್ಟು ಮುಚ್ಚಿ, ಬಟ್ಟೆಯಲ್ಲಿ ಬಿಗಿದ ಗಂಟು. ಮೊದಲನೆಯದು ಬೇವಿನ ಮರಕ್ಕೆ ಬಡಿದು ಅಲ್ಲೇ ಒಡೆಯಿತು. ಕಾಶವ್ವ ಬೈದುಕೊಂಡಳು, ಮರವನ್ನು. ಹೀಗೆ ಆದೀತೆಂದೇ ಇನ್ನೊಂದು ಗಂಟು ಕಟ್ಟಿ ತಂದಿದ್ದಳು. ಅದನ್ನು ಎರಡು ಸಲ ತೂಗಿ ನೋಡಿ ಬೀಸಿ ಒಗೆದಳು. ಗಂಟು ಸೀದಾ ಬಂದು ನೀಲಾಳ ಎದೆಗೆ ಬಡಿಯಿತು. ಅವಳು ಎರಡೂ ಕೈಯಿಂದ ಅವುಚಿಕೊಂಡಳು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅತ್ತೆ ಅವಳಿಗೆ ಕೊಟ್ಟ ವಸ್ತುಗಳಲ್ಲಿ ಇಷ್ಟು ಜೋಪಾನ ಮಾಡಿದ್ದು ಯಾವುದೂ ಇರಲಿಲ್ಲ.

ಒಂದು ಬಕೆಟು ಶುದ್ಧ ನೀರಿಗೆ ಒಂದೇ ಚಮಚ ಹಾಕಿ ಕದಡಿ, ಯಂತ್ರಕ್ಕೆ ಕುಡಿಸಿದಳು. ಅರ್ಧ ತಾಸು. ಓಣಿಯ ಗಟಾರದ ಅಂಕ ನಲವತ್ತರ ಸುತ್ತ ಇತ್ತು. ಬಕೆಟಿನ ಅಂಕ ಒಂಬೈನೂರು. ಅದಕ್ಕಿಂತ ಮೇಲೆ ಎಣಿಸಲು ಯಂತ್ರಕ್ಕೆ ಬರುತ್ತಲೇ ಇರಲಿಲ್ಲ. ಮತ್ತೊಮ್ಮೆ ಮಾಡಿದಳು, ಒಂಬೈನೂರು. ಮೂರನೆಯ ಸಲವೂ ಅಷ್ಟೇ.

ಶ್ರೀವತ್ಸ ಮೊದಲು ಬೈದ. ಕೆಂಪು ಓಣಿಯಿಂದ ವಸ್ತು ತರಿಸಿದ್ದು ಅಪರಾಧ, ವರದಿ ಮಾಡುತ್ತೇನೆ ಎಂದ. ಆಮೇಲೆ ಕೇಳಿದ: "ಓಣಿ ಜನರ ವೈರಾಣುವೇ ಆ ಸೆಗಣಿಗೆ ಅಂಟಿಕೊಂಡಿದ್ರೆ?"

"ನೂರಾತೊಂಬತ್ತು ಮಂದಿ ಸೇರಿ ಗಟಾರದಾಗ ನಲವತ್ತು ಮಾಡ್ಯಾರ ಸರ್. ಒಂದು ಚಮಚದಾಗ ಒಂಬೈನೂರು ಐತಿ. ಗಟಾರದ್ದು ಕರಕ್ಕ ಅಂಟಿಲ್ಲ. ಕರದ್ದ ಗಟಾರಕ್ಕ ಹೊಂಟೈತಿ."

ಅವನು ಅಂಕಗಳನ್ನು ಬಹಳ ಹೊತ್ತು ನೋಡಿದ. ಬೆಂಗಳೂರಿಗೆ ಫೋನು ಮಾಡಿದ. ದೂರು ದಾಖಲಾಗಿದೆ, ತಜ್ಞರ ಸಮಿತಿ ಹತ್ತು ಕೆಲಸದ ದಿನಗಳಲ್ಲಿ ಉತ್ತರಿಸುತ್ತದೆ ಎಂದರು. ಬಸ್ಸು ಬರಲು ಮೂರು ದಿನ ಇತ್ತು. ಇವತ್ತೇ ಚಳೆ ನಿಲ್ಲಿಸಿದರೂ ಗಟಾರದ ಕೆಸರಿನಲ್ಲಿ ಕೂತದ್ದು ಕರಗಲು ವಾರ ಬೇಕು, ಆ ಕೆಸರು ಮುಟ್ಟಿದರೆ ಸಾಕ್ಷ್ಯ ಕೆಡಿಸಿದ ಅಪರಾಧ. ಕೆಂಪು ಹಸಿರು ತೀರ್ಮಾನಿಸುವುದು ಯಂತ್ರ. ಅದನ್ನು ತಿದ್ದುವ ಗುಂಡಿ ಶ್ರೀವತ್ಸನ ಕೋಣೆಯಲ್ಲಿ ಇರಲಿಲ್ಲ.

ಮರುದಿನವೆಲ್ಲ ನೀಲಾ ಆ ನಿಯಮದ ಪುಸ್ತಕವನ್ನು ಓದಿದಳು. ಸಂಜೆ ಹೊತ್ತಿಗೆ ಅದನ್ನು ಅವನ ಮುಂದೆ ತೆರೆದಿಟ್ಟು ಒಂಬತ್ತನೆಯ ಕಲಮಿನ ಮೇಲೆ ಬೆರಳಿಟ್ಟಳು. ಯಂತ್ರದ ತೀರ್ಪಿಗೂ ಆ ಜಾಗದಲ್ಲಿರುವ ಪ್ರತಿಯೊಬ್ಬರ ಮೂಗಿನ ಪರೀಕ್ಷೆಗೂ ತಾಳೆಯಾಗದಿದ್ದರೆ ಮೂಗಿನ ಪರೀಕ್ಷೆಯೇ ಸರಿ. ಆಗ ಆ ಊರಿನ ಅದೇ ತಯಾರಿಕೆಯ ಯಂತ್ರಗಳೆಲ್ಲ ಅಮಾನತು, ಅವುಗಳ ಆಧಾರದ ಸ್ಥಳಾಂತರವೂ ತಡೆ.

"ಗೊತ್ತು," ಎಂದ ಶ್ರೀವತ್ಸ. "ಅದಕ್ಕೆ ಎಲ್ರಿಗೂ ಪರೀಕ್ಷೆ ಆಗಿರ್ಬೇಕು. ಓಣೀಲಿ ಯಾರಿಗೂ ಆಗಿಲ್ಲ. ಕಿಟ್ ಇಲ್ಲ."

"ಊರಾಗ ಎಲ್ಲಾರಿಗೂ ಪರೀಕ್ಷಾ ಆಗೂ ಜಾಗಾ ಒಂದ ಒಂದು ಐತಿ ಸರ್. ಈ ಸಾಲಿ. ನಾವು ಹದಿನೈದು ಮಂದಿ, ದಿನಾ ಬಿಟ್ಟು ದಿನಾ. ನಮ್ಮ ಗಟಾರಕ್ಕೂ ಒಂದು ಡಾಕ್ಟರ್ ಕೂಡಿಸ್ಯಾರ."

ಅವನಿಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. "ನಮ್ಮ ಗಟಾರಕ್ಕೆ ಸುರೀತೀನಿ ಅಂತೀರಾ? ಮೂರು ಸಲ ಕೆಂಪು ಬಂದ್ರೆ ನಮ್ಮ ಗೇಟೂ ಬೀಳುತ್ತೆ! ಬೆಂಗಳೂರಿನವ್ರು ಆ ಕಲಮು ಒಪ್ಕೊಂಡಿಲ್ಲ ಅಂದ್ರೆ ಇಪ್ಪತ್ತೊಂದು ದಿನ. ಆಮೇಲೆ ಶಿಬಿರ!"

"ಹೌದ್ರಿ. ಅದಕ್ಕ ಕದ್ದು ಸುರಿಯೂದಿಲ್ಲ. ಹದಿನೈದೂ ಮಂದಿಗೆ ಕೇಳತೀನಿ. ಒಬ್ಬರು ಬ್ಯಾಡಂದ್ರೂ ಬಿಡತೀನಿ."

ಕೇಳಿದಳು. ಸುಮ್ಮನೆ ತಲೆಯಾಡಿಸಿದವರು ಕೆಲವರು. ತಮ್ಮ ಓಣಿಯ ಹೆಸರು ಹೇಳಿ, ನಮ್ಮಲ್ಲೂ ಎಮ್ಮೆಗಳಿವೆ ಎಂದವರು ಕೆಲವರು. ಅಡಿಗೆಯ ರುದ್ರಪ್ಪ, "ರವಾ ಎರಡು ಚೀಲ ಐತಿ. ದಿನಾ ಉಪ್ಪಿಟ್ಟು ತಿನ್ನಾಕ ತಯಾರಿದ್ರ ನಂದೇನಿಲ್ಲ," ಎಂದ. ಉಳಿದವನು ಶ್ರೀವತ್ಸ. ಅವನೊಬ್ಬನೇ ದಿನಾ ಸಂಜೆ ಮನೆಗೆ ಹೋಗುತ್ತಿದ್ದ. ಮನೆಯಲ್ಲಿ ನಾಲ್ಕು ತಿಂಗಳ ಮಗಳಿದ್ದಳು. ಹೊರಗೆ ಹೋಗಿ ಹೆಂಡತಿಯೊಡನೆ ಫೋನಿನಲ್ಲಿ ಮಾತಾಡಿ ಬಂದ. ಕಣ್ಣು ಕೆಂಪಾಗಿತ್ತು.

"ದಿನಚರಿ ಪುಸ್ತಕದಲ್ಲಿ ಬರೀರಿ," ಎಂದ. "ಪರೀಕ್ಷೆಗೋಸ್ಕರ, ಅಧಿಕಾರಿಯ ಎದುರಿಗೇ ಸುರಿದದ್ದು. ನಾಳೆ ಬೆಳಗ್ಗೆ ಒಂಬತ್ತು ಗಂಟೆಗೆ. ಸಹಿ ನಾನು ಹಾಕ್ತೀನಿ. ನೋಡ್ಲಿಲ್ಲ ಅಂತ ಹೇಳೋಕೆ ನಂಗಾಗಲ್ಲ."

ಇಪ್ಪತ್ತನೆಯ ದಿನ ಒಂಬತ್ತಕ್ಕೆ ಹದಿನೈದೂ ಜನರ ಮೂಗಿಗೆ ಕಡ್ಡಿ ಹಾಕಿ ಮಾದರಿ ತೆಗೆದರು. ಆಮೇಲೆ ಎಲ್ಲರೂ ಹೈಸ್ಕೂಲಿನ ಹಿಂದಿನ ಗಟಾರದ ಬಳಿ ಸಾಲಾಗಿ ನಿಂತರು. ನೀಲಾ ಗಂಟಿನಲ್ಲಿ ಉಳಿದದ್ದನ್ನು ಕದಡಿದ ಬಕೆಟು ಬಗ್ಗಿಸಿದಳು. ಹಳದಿ ನೀರು ನಿಧಾನವಾಗಿ ಹರಿದು ಹೋಯಿತು. ಅಷ್ಟೇ.

ಹತ್ತು ಗಂಟೆಯ ಅಂಕ ಮುನ್ನೂರಹತ್ತು. ಎರಡು ಗಂಟೆಯದು ನೂರಾಎಂಬತ್ತು. ನಕ್ಷೆಯ ಮೇಲೆ ಅಷ್ಟು ದಿನ ಹಸಿರಾಗಿದ್ದ ಹೈಸ್ಕೂಲು ಕೆಂಪಾಗಿ ಮಿಣುಗತೊಡಗಿತು. ತಾವೇ ಊರಿಗೆಲ್ಲ ತೋರಿಸುತ್ತಿದ್ದ ಕೆಂಪು ಬಣ್ಣವನ್ನು ತಮ್ಮ ತಲೆಯ ಮೇಲೆ ನೋಡುವುದು ಬೇರೆಯೇ ಅನುಭವ ಎಂದು ಅಂದು ಆ ಕೋಣೆಯಲ್ಲಿದ್ದವರಿಗೆಲ್ಲ ತಿಳಿಯಿತು. ಆರು ಗಂಟೆಗೆ ತೊಂಬತ್ತೈದು. ಮೂರನೆಯ ಕೆಂಪು. ಹೊರಗೆ ಗೇಟು ಗರಗರ ಸದ್ದು ಮಾಡುತ್ತ ಬಂದು ಧಡ್ ಎಂದು ಕೂತಿತು. ಶ್ರೀವತ್ಸ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತ.

ಆರೂವರೆಗೆ ಮೂಗಿನ ಪರೀಕ್ಷೆಯ ಫಲ ಬಂತು. ಹದಿನೈದೂ ಜನರಿಗೆ ಏನೂ ಇಲ್ಲ. ಶ್ರೀವತ್ಸ ಎರಡೂ ಕಾಗದಗಳನ್ನು ಒಟ್ಟಿಗೆ ಸೇರಿಸಿ, ಒಂಬತ್ತನೆಯ ಕಲಮು ಎಂದು ಮೇಲೆ ಬರೆದು ಬೆಂಗಳೂರಿಗೆ ಕಳಿಸಿದ.

ಇಪ್ಪತ್ತೊಂದನೆಯ ದಿನ ಮುಂಜಾನೆ ಏಳಕ್ಕೆ ಮೂರು ಬಸ್ಸುಗಳು ನೇಕಾರ ಓಣಿಯ ಬಾಯಿಗೆ ಬಂದು ನಿಂತವು. ಗೇಟಿನ ಕ್ಯಾಮೆರಾದಲ್ಲಿ ನೀಲಾಳಿಗೆ ಎಲ್ಲವೂ ಕಾಣುತ್ತಿತ್ತು, ಕೇಳುತ್ತಿತ್ತು. ಜನ ಟ್ರಂಕು, ಹಾಸಿಗೆ ಸುರುಳಿ ಹಿಡಿದು ಕಟ್ಟೆಗಳ ಮೇಲೆ ಕೂತಿದ್ದರು. ಕಾಶವ್ವ ಕರುವಿನ ಕೊರಳು ಹಿಡಿದು ನಿಂತಿದ್ದಳು. ಏಳು ಹೋಗಿ ಏಳೂವರೆಯಾಯಿತು. ಒಬ್ಬ ಡ್ರೈವರ್ ಇಳಿದು ಗೇಟಿನ ಬೀಗಕ್ಕೆ ಕೈ ಹಾಕಿದ. ನೀಲಾ ಉಗುರು ಕಚ್ಚುತ್ತಿದ್ದಳು, ಚಿಕ್ಕಂದಿನಲ್ಲಿ ಬಿಟ್ಟ ಚಟ.

ಏಳು ನಲವತ್ತಕ್ಕೆ ಆದೇಶ ಬಂತು. ಯಂತ್ರಗಳು ಅಮಾನತು. ಸ್ಥಳಾಂತರಕ್ಕೆ ತಡೆ. ಗಟಾರದ ಕೆಸರು ತೆಗೆದು, ಹೊಸ ಗುರುತು ಕಲಿಸಿದ ಯಂತ್ರ ಎರಡು ದಿನ ಹಸಿರು ತೋರಿಸಿದರೆ ಗೇಟು ತೆರೆಯುವುದು. ಶ್ರೀವತ್ಸ ಅದನ್ನು ಗಟ್ಟಿಯಾಗಿ ಓದುತ್ತಿದ್ದಂತೆ ರುದ್ರಪ್ಪ ಉಪ್ಪಿಟ್ಟಿನ ಸೌಟನ್ನು ಪಾತ್ರೆಗೆ ಬಡಿದು ಕುಣಿದುಬಿಟ್ಟ. ಬಸ್ಸುಗಳು ಹಿಂದಕ್ಕೆ ಸರಿದು ತಿರುಗಿದವು.

ನೀಲಾ ಅತ್ತೆಗೆ ಫೋನು ಹಚ್ಚಿದಳು. ಎಲ್ಲ ಹೇಳಿ, ಕೊನೆಗೆ ದನಿ ತಗ್ಗಿಸಿ, "ಓಣ್ಯಾಗ ಬರೇ ಮಷೀನ್ ಕೆಟ್ಟಿತ್ತು ಅನ್ರಿ ಅತ್ತಿ. ಸುಳ್ಳೇನಲ್ಲ ಅದು. ಕರದ ಸುದ್ದಿ ಎತ್ತಬ್ಯಾಡ್ರಿ," ಎಂದಳು.

"ಮಾತು ಮಾತವ್ವಾ," ಎಂದು ಕಾಶವ್ವ ಫೋನು ಇಟ್ಟಳು.

ಕ್ಯಾಮೆರಾದಲ್ಲಿ ನೀಲಾ ನೋಡುತ್ತಿದ್ದಂತೆ ಅತ್ತೆ ಮಾಳಿಗೆ ಹತ್ತಿದಳು. ಕೈಯಲ್ಲಿ ಹಿತ್ತಾಳೆಯ ತಾಟು, ಒಂದು ಸೌಟು. ಬಾರಿಸಿದಳು. ಟ್ರಂಕು ಒಳಗೆ ಒಯ್ಯುತ್ತಿದ್ದವರೆಲ್ಲ ನಿಂತು ತಲೆಯೆತ್ತಿದರು. ಅವಳು ಹೇಳಿದಳು, ದಮ್ಮು ಕಟ್ಟಿದಾಗ ನಿಲ್ಲಿಸಿ, ಮತ್ತೆ ಶುರು ಮಾಡಿ ಎಲ್ಲ ಹೇಳಿದಳು. ತನ್ನ ಕರುವಿಗೆ ಬೇನೆ ಇತ್ತೆಂದು. ಅದರ ಹೆಂಡಿಯನ್ನೇ ತಾನು ಮನೆಮನೆಗೆ ಕೈಯಾರೆ ಹಂಚಿದ್ದೆಂದು. ಇಪ್ಪತ್ತೊಂದು ದಿನ ಓಣಿಗೆ ಬೀಗ ಬಿದ್ದದ್ದು ಅದರಿಂದಲೇ ಎಂದು. ಆಮೇಲೆ ತಾಟು ಕೆಳಗಿಟ್ಟು ಎರಡೂ ಕಿವಿ ಹಿಡಿದುಕೊಂಡು ನಿಂತಳು, ಅರವತ್ತೆಂಟು ವರ್ಷದ ಹೆಂಗಸು, ಬಿಸಿಲಿನಲ್ಲಿ. ನೀಲಾಳಿಗೆ ಪರದೆ ಮಂಜಾಯಿತು.

ಎದುರುಮನೆಯ ನಿಂಗವ್ವನ ಮಗಳ ಮದುವೆ ಈ ಬೀಗದಿಂದಲೇ ನಿಂತುಹೋಗಿತ್ತು. ಅವಳು, "ಮುಂಜಾನೆದ್ದು ನಮ್ಮ ಬಾಗಲಕ್ಕ ನೀನ ತಂದ ಸುರದೀಯಲ್ಲಬೇ ಕಾಶವ್ವ!" ಎಂದು ಚೀರಿ ಧಡಾರನೆ ಬಾಗಿಲು ಹಾಕಿಕೊಂಡಳು. ಉಳಿದವರು ಟ್ರಂಕು ಎತ್ತಿಕೊಂಡು ಒಳಗೆ ಹೋದರು.

ಮರುದಿನ ಬೆಳಕು ಹರಿಯುತ್ತಲೇ ಕಾಶವ್ವ ಸಲಿಕೆ ಹಿಡಿದು ಒಬ್ಬಳೇ ಗಟಾರಕ್ಕೆ ಇಳಿದಳು. ನಾಲ್ಕು ಸಲಿಕೆ ಕೆಸರು ಎತ್ತುವಷ್ಟರಲ್ಲಿ ಉಸಿರು ಹಿಡಿಯಿತು. ಗೋಡೆಗೆ ಕೈಕೊಟ್ಟು ನಿಂತು ಐದನೆಯದಕ್ಕೆ ಬಾಗಿದಳು. ಎದುರುಮನೆಯ ಬಾಗಿಲು ತೆರೆಯಿತು. ನಿಂಗವ್ವ ಸೀರೆ ಮೇಲೆತ್ತಿ ಕಟ್ಟಿಕೊಂಡು ಬಂದು, ಮುಖ ಕೂಡ ನೋಡದೆ ಅವಳ ಕೈಯಿಂದ ಸಲಿಕೆ ಕಸಿದುಕೊಂಡಳು. ಕಾಶವ್ವನನ್ನು ಕಟ್ಟೆಯ ಮೇಲೆ ಕೂರಿಸಿ ಶಿವಪುತ್ರನೂ ಇಳಿದ. ಮಧ್ಯಾಹ್ನದ ಹೊತ್ತಿಗೆ ಇಡೀ ಓಣಿ ಗಟಾರದಲ್ಲಿತ್ತು.

ಎರಡು ದಿನ ಹಸಿರು. ಮೂರನೆಯ ದಿನ ಮುಂಜಾನೆ ಗೇಟು ತೆರೆಯಿತು. ಹೈಸ್ಕೂಲಿನ ಗೇಟು ಹಿಂದಿನ ದಿನವೇ ತೆರೆದು ಶ್ರೀವತ್ಸ ಮಗಳನ್ನು ನೋಡಲು ಓಡಿದ್ದ. ನೀಲಾ ಚೀಲ ಹೆಗಲಿಗೆ ಹಾಕಿಕೊಂಡು ಓಣಿಯೊಳಗೆ ಬಂದಳು. ಮನೆಮನೆಯ ಮುಂದೆ ನೆಲ ತೇವವಾಗಿತ್ತು, ರಂಗೋಲಿ ಬಿದ್ದಿತ್ತು, ಸೆಗಣಿಯ ವಾಸನೆ ಮಾತ್ರ ಇರಲಿಲ್ಲ. ಉಪ್ಪು ಸಕ್ಕರೆಯ ನೀರು ಕುಡಿದು ಚೇತರಿಸಿಕೊಂಡ ಕರು ಹಗ್ಗ ಜಗ್ಗುತ್ತ ನೆಗೆಯುತ್ತಿತ್ತು.

ಹೊಸ್ತಿಲು ದಾಟಲು ಕಾಲೆತ್ತಿದಳು. "ತಡಿ," ಎಂದಳು ಕಾಶವ್ವ. ತಂಬಿಗೆ ಹಿಡಿದು ಹೊರಗೆ ಬಂದು, ಗೋಡೆ ಹಿಡಿದು ಮೆಲ್ಲನೆ ಬಾಗಿ, ಸೊಸೆಯ ಪಾದಕ್ಕೆ ನೀರು ಸುರಿಯತೊಡಗಿದಳು. ನೀಲಾ ಗಾಬರಿಯಾಗಿ ಕಾಲು ಹಿಂದಕ್ಕೆ ಸೆಳೆದುಕೊಂಡಳು. "ಅತ್ತಿ! ನೀವು ನನ್ನ ಕಾಲಿಗೆ..."

"ಕಾಲು ಇಡು ಇಲ್ಲಿ," ಎಂದಳು ಕಾಶವ್ವ. ತಲೆ ಎತ್ತಲಿಲ್ಲ. ಬೆರಳ ಸಂದಿಯ ಮಣ್ಣನ್ನು ಕೈಯಿಂದಲೇ ಉಜ್ಜಿ ತೊಳೆದಳು. "ಇಪ್ಪತ್ನಾಕ ದಿನ ಗಟಾರದಾಗ ದುಡದು ಬಂದೀದಿ. ಬರೇ ನೀರೈತಿ, ಅಂಜಬ್ಯಾಡ. ನಿಮ್ಮ ಡಾಕ್ಟರಗೂ ಹೇಳು."